ಕ್ಯಾಮೆರಾದ ಗಾಜು

ದ್ವೀಪದ ಬಂಡೆಗಳ ನಡುವೆ ಮುಳುಗಿಸಿಟ್ಟ ಕ್ಯಾಮೆರಾದ ಮುಂದೆ ದಿನವೂ ಅದೇ ಒಂಟಿ ಚಿಟ್ಟೆಮೀನು ಬಂದು ನಿಲ್ಲುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ವಿಜ್ಞಾನಿ ಊಟದ ಡಬ್ಬಿಯನ್ನು ದೋಣಿಯಲ್ಲಿ ಆ ಕ್ಯಾಮೆರಾದ ದೃಶ್ಯ ಕಾಣುವ ಪರದೆಯ ಮುಂದೆಯೇ ಬಿಚ್ಚುತ್ತಿದ್ದರು.

“ನೋಡು, ನನ್ನನ್ನು ಮಾತಾಡಿಸೋಕೆ ಬರ್ತದೆ.”

ಸಹಾಯಕಿ ಸುಮ್ಮನಿರಬಹುದಿತ್ತು. “ಇಲ್ಲ ಸರ್, ಈ ಮೀನು ಜೋಡಿಯಾಗೇ ಬದುಕೋದು. ಇದರ ಜೋಡಿ ಸತ್ತಿರ್ಬೇಕು. ಕ್ಯಾಮೆರಾದ ಗಾಜಿನಲ್ಲಿ ತನ್ನನ್ನೇ ಕಂಡು, ಜೋಡಿ ವಾಪಸ್ ಬಂತು ಅಂದ್ಕೊಂಡಿದೆ.”

ಅವರು ಡಬ್ಬಿ ಮುಚ್ಚಿದರು.

ಮೀನುಗಳ ಸಮೀಕ್ಷೆ ಮುಗಿದ ದಿನ ಕ್ಯಾಮೆರಾವನ್ನು ಮೇಲೆ ತಂದ ವಿಜ್ಞಾನಿ ಇನ್ನೊಮ್ಮೆ ನೀರಿಗಿಳಿದು, ತಡವಾಗಿ ದೋಣಿ ಹತ್ತಿದರು.

ಸಾಮಾನು ಪ್ಯಾಕ್ ಮಾಡುತ್ತಾ ಅವಳು ಹುಡುಕಾಡಿದಳು. “ಕ್ಯಾಮೆರಾದ ಗಾಜೆಲ್ಲಿ ಸರ್?”

“ಅಲ್ಲೇ ಬಂಡೆಗೆ ಕಟ್ಟಿ ಬಂದೆ,” ಎಂದರು. “ಪಾಚಿ ಹಿಡೀದ ಹಾಗೆ ಆಗಾಗ ಬಂದು ಒರೆಸ್ತಿರಬೇಕು.”