ಡಿವಿಡಿಯಲ್ಲಿ ಅವ್ವ ಇರಲಿಲ್ಲ

ಟಿವಿಯಲ್ಲಿ ಮದುವೆ ಮುಗಿಯಿತು... ಕಸ್ತೂರಿ ಕೂತಲ್ಲಿಂದ ಏಳಲಿಲ್ಲ.

"ಹೆಂಗೈತಿ? ನಿನ್ನೆ ತೆಗದಂಗ ಐತಿಲ್ಲೋ?" ಅಣ್ಣ ಮಹಾಂತೇಶ ರಿಮೋಟ್ ತಿರುಗಿಸುತ್ತ ಕೇಳಿದ.

ಅದು ಅವಳದೇ ಮದುವೆ. ಕ್ಯಾಸೆಟ್ಟಿನ ಕಾಲದ್ದು. ಅಣ್ಣ ತನ್ನ ಕಂಪ್ಯೂಟರ್ ಮುಂದೆ ಕೂತು, ಬಣ್ಣ ತಿದ್ದಿ, ನಿಧಾನ ಸ್ಪೀಡಿನಲ್ಲಿ ಬರ್ನ್ ಮಾಡಿ, ಅದನ್ನು ಡಿವಿಡಿಗೆ ಹಾಕಿದ್ದ.

ಬರುವ ಭಾನುವಾರ ಅವ್ವ ತೀರಿಕೊಂಡ ವರ್ಷದ ಕಾರ್ಯ. ಬಂದ ಬಳಗವೆಲ್ಲ ನೋಡಿ, "ಎಲ್ಲಿ ಮಾಡಿಸಿದಿಯೋ" ಎಂದು ಕೇಳಬೇಕು... ಅಷ್ಟೇ ಅವನ ಆಸೆ.

"ಅವ್ವ ಎಲ್ಲಿ?" ಎಂದಳು ಕಸ್ತೂರಿ.

"ಅವ್ವ ಸ್ಟೇಜ್ ಮ್ಯಾಲೆ ಇದ್ದಳೇನು? ಇಲ್ಲಲ್ಲ. ಮತ್ತ ಹೆಂಗ ಬರತಾಳ?"

ಅದೂ ನಿಜವೇ. ಅಪ್ಪ ಇಲ್ಲದ ಅವ್ವ ಶುಭಕಾರ್ಯದ ಮುಂದೆ ಬರಬಾರದೆಂದು, ಛತ್ರದ ಅಡುಗೆಮನೆಯಲ್ಲೇ ಆ ದಿನವೆಲ್ಲ ಕಳೆದಿದ್ದಳು.

ಬಾಸಿಂಗ ಕಟ್ಟಿಕೊಂಡು ಕೂತ ಕಸ್ತೂರಿ, ಮಂದಿಯ ನಡುವೆ ಅಡುಗೆಮನೆಯ ಬಾಗಿಲನ್ನೇ ಹುಡುಕಿದ್ದಳು. ಅವ್ವ ಕಂಡಿರಲಿಲ್ಲ...

ತನಗೆ ಕಾಣದಿದ್ದದ್ದು ಕ್ಯಾಮೆರಾಕ್ಕಾದರೂ ಕಂಡಿರಬೇಕು. ವರ್ಷದಿಂದ ಅವಳು ಅದೊಂದೇ ಆಸೆಯಲ್ಲಿದ್ದಳು.

"ಕ್ಯಾಮೆರಾದವರು ಇಬ್ಬರಿದ್ರು. ಒಬ್ಬ ಅಡಗಿಮನಿ ಕಡೆ ಹೋಗಿದ್ದ. ನಾ ನೋಡೀನಿ. ಅದೆಲ್ಲ ಎಲ್ಲಿ ಹೋತು?"

"ಕಟ್ ಮಾಡೀನಿ. ಒಗ್ಗರಣಿ ಹಾಕೂದು, ಮಂದಿ ಹೋಳಿಗಿ ತುರುಕ್ಕೊಳ್ಳೂದು... ಅದನ್ಯಾರು ನೋಡತಾರ? ಎಲ್ಲಾ ಒಂದ ಡಿಸ್ಕಿನ್ಯಾಗ ತುಂಬಿದ್ರ ಮಂದಿ ಮಾರಿ ಮಸುಕ ಮಸುಕ ಕಾಣತಾವ. ವೇಸ್ಟ್ ತೆಗದ್ರನ ಕ್ವಾಲಿಟಿ."

"ಎರಡು ಡಿಸ್ಕ್ ಮಾಡಬೇಕಿತ್ತು."

"ನಡುವ ಎದ್ದು ಬದಲಿ ಮಾಡೋರ‍್ಯಾರು? ನಿನ್ನ ಗಂಡ ಏಳತಾನೇನು? ಏಳನೆತ್ತಕ್ಕ ಸಾಲಿ ಬಿಟ್ಟಾಕಿ, ನನಗ ಕಲಸಾಕ ಬಂದಾಳ!"

ಒಳಗಿನಿಂದ ಅಣ್ಣನ ಹೆಂಡತಿ, ವೈನಿ, ಪಕ್ಕನೆ ನಕ್ಕದ್ದು ಕೇಳಿಸಿತು.

ಅಣ್ಣನ ಮುಂದೆ ಕಸ್ತೂರಿ ಎಂದೂ ತಲೆ ಎತ್ತಿದವಳಲ್ಲ. ಇವತ್ತು ಎತ್ತಿದಳು.

"ಕ್ಯಾಸೆಟ್ ಕೊಡು. ನಾ ಬ್ಯಾರೆ ಕಡೆ ಮಾಡಸ್ತೀನಿ."

"ಬೂಸ್ಟು ಹಿಡದಿತ್ತು. ಒಂದ ಸಲ ಕಂಪ್ಯೂಟರಿಗೆ ಇಳಿಸೂದ್ರಾಗ ರೀಲು ಹರದು ಹೋತು."

"ಹಂಗಾದ್ರ ಕಂಪ್ಯೂಟರ್‌ನ್ಯಾಗ ಐತಿ."

"ಇವತ್ತ ಡಿಲೀಟ್ ಮಾಡಾಂವ ಅದೀನಿ. ಜಾಗ ಇಲ್ಲ."

ಕಸ್ತೂರಿ ಎದ್ದು ಹೋಗಿ, ಕಂಪ್ಯೂಟರ್ ಮುಂದಿನ ಅವನ ಕುರ್ಚಿಯಲ್ಲಿ ಕೂತುಬಿಟ್ಟಳು.

"ಏಳ ಮ್ಯಾಲೆ."

"ಏಳೂದಿಲ್ಲ. ತೋರಸು. ಆಮ್ಯಾಲೆ ಏನರ ಮಾಡ್ಕೊ."

"ನೋಡಿದ ಮ್ಯಾಲೆ ಬಾಯಿ ಮುಚ್ಕೊಂಡು ನಿಮ್ಮನಿಗೆ ನಡೀಬೇಕು. ತಿಳೀತಾ?"

ಅವನು ಬಗ್ಗಿ ಮೌಸ್ ಕಿತ್ತುಕೊಂಡ. ಚಿತ್ರ ಓಡತೊಡಗಿತು. "ನೋಡು, ಅನ್ನದ ಡಬರಿ... ನೋಡು, ಸಾರಿನ ಬಕೀಟು... ಸಾಕೇನು?"

"ಓಡಸಬ್ಯಾಡ. ಸೌಂಡ್ ಹಾಕು."

ಅವನ ಕೈ ನಿಂತಿತು. ಸೌಂಡ್ ಬಂದ್ ಮಾಡಿ, ಹೀಗೇ ಓಡಿಸಿಕೊಂಡೇ ಅವನು ಇಷ್ಟನ್ನೂ ಕತ್ತರಿಸಿದ್ದ.

ಸೌಂಡ್ ಬಂತು. ಪಾತ್ರೆಗಳ ಸದ್ದು... ದೂರದಲ್ಲಿ ವಾಲಗ...

ಅಡುಗೆಮನೆಯ ಬಾಗಿಲು. ಬಾಗಿಲಲ್ಲಿ ಅವ್ವ. ತಲೆಯ ಮೇಲೆ ಸೆರಗು, ಒಂದು ಕೈ ಮುಷ್ಟಿ ಕಟ್ಟಿದೆ.

ಆಗ ಯಾರದೋ ಎಳೆ ಗಂಡುದನಿ...

"ಅವ್ವಾ, ಒಳಗ ಸರಿ. ಕ್ಯಾಮೆರಾ ಬಂತು. ಮಂದಿ ಏನಂದಾರು?"

ಮಹಾಂತೇಶ ಬೆಚ್ಚಿಬಿದ್ದ. ಅದು ಅವನದೇ ದನಿ.

ಅವ್ವ ನಕ್ಕಳು. ತಪ್ಪು ಮಾಡಿ ಸಿಕ್ಕಿಬಿದ್ದ ಕೂಸಿನ ಹಾಗೆ. "ಹೋಗತೀನಪಾ..." ಎಂದು ಬಾಗಿಲ ಹಿಂದೆ ಸರಿದಳು.

ಕ್ಯಾಮೆರಾ ಊಟದ ಪಂಕ್ತಿಯತ್ತ ತಿರುಗಿತು. ಆದರೆ ಬಾಗಿಲು ಚಿತ್ರದ ಮೂಲೆಯಲ್ಲಿ ಹಾಗೇ ಉಳಿದಿತ್ತು.

ವಾಲಗ ಜೋರಾಯಿತು. ಅಲ್ಲಿ ಸ್ಟೇಜಿನ ಮೇಲೆ ವಧೂವರರ ತಲೆಗೆ ಅಕ್ಕಿಕಾಳು ಬೀಳುವ ಹೊತ್ತು...

ಬಾಗಿಲ ಹಿಂದಿನಿಂದ ಒಂದು ಕೈ ಮಾತ್ರ ಹೊರಗೆ ಬಂತು. ಮುಷ್ಟಿ ಬಿಚ್ಚಿತು. ಹಳದಿ ಅಕ್ಕಿಕಾಳು ಹಾರಿ... ಹೊಸ್ತಿಲ ಆಚೆಯೇ ಬಿದ್ದವು.

ಮಗಳ ತನಕ ಎಲ್ಲಿ ಮುಟ್ಟಬೇಕು!

ಅವ್ವ ಕುಕ್ಕರಗಾಲಲ್ಲಿ ಕೂತು, ಮಂದಿ ತುಳಿಯುವ ಮೊದಲೇ ಕಾಳುಗಳನ್ನು ಆರಿಸಿ ಸೆರಗಿನ ತುದಿಗೆ ಗಂಟು ಹಾಕಿದಳು.

ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಡನ ಮನೆಗೆ ಹೊರಟಾಗ ಅವ್ವ ಮರೆಗೆ ಕರೆದು, ಗಂಟು ಬಿಚ್ಚಿ, ಅಂಗೈಗೆ ಏನೋ ನಾಲ್ಕು ಕಾಳು ಹಾಕಿದ್ದಳು. ಏನೆಂದು ಕೇಳದೆ, ದಾರಿಯಲ್ಲೇ ಕೈ ಕೊಡವಿದ್ದಳು ಕಸ್ತೂರಿ...

"ಒಂದ ಸಲ ನೀನ ಅವ್ವನ್ನ ಒಳಗ ಕಳಿಸಿದಿ, ಅಣ್ಣಾ," ಎಂದಳು. "ಈಗ ಮತ್ತೊಂದು ಸಲ ಕಳಿಸಿದಿ. ಕ್ವಾಲಿಟಿ ಬಂತೇನು?"

ವೈನಿ ಈಗ ನಗಲಿಲ್ಲ. ಮಹಾಂತೇಶ ಚಿತ್ರವನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದ... ಮತ್ತೆ ಹಾಕಿದ...

ಭಾನುವಾರ ಬಳಗವೆಲ್ಲ ಜಮಖಾನದ ಮೇಲೆ ಕೂತಿತು. ಈ ಸಲ ಎರಡು ಡಿಸ್ಕ್ ಇದ್ದವು. ಮೊದಲು ಅಡುಗೆಮನೆಯದು.

ತನ್ನ ದನಿಯನ್ನು ಅವನು ಕಟ್ ಮಾಡಿರಲಿಲ್ಲ. ಅದು ಕೇಳಿಸಿದಾಗ ಅಪ್ಪನ ತಮ್ಮ, ಕಾಕಾ, ತಿರುಗಿ ಅವನ ಮುಖ ನೋಡಿದ. ಮಹಾಂತೇಶ ತಲೆ ತಗ್ಗಿಸಿ, ಕಣ್ಣು ಒರೆಸಿಕೊಂಡ.

ಎಲ್ಲಿ ಮಾಡಿಸಿದಿ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಒದ್ದೆಯಾಗಿತ್ತು.

"ಇನ್ನೊಂದು ಡಿಸ್ಕ್ ಹಾಕೋರ‍್ಯಾರಪಾ?" ಎಂದ ಕಾಕಾ.

ಮಹಾಂತೇಶನೇ ಎದ್ದ.

ಕಸ್ತೂರಿ ಆ ದಿನವೂ ಅವನೊಂದಿಗೆ ಮಾತಾಡಲಿಲ್ಲ. ಆದರೆ ಅವನು ಡಿಸ್ಕ್ ಹಾಕಿ ತಿರುಗಿದಾಗ, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು...

*ಚಿತ್ರ ಚಂದ ಕಾಣಲೆಂದು ನಾವು ಯಾರನ್ನು ಕತ್ತರಿಸುತ್ತೇವೋ, ಆ ಚಿತ್ರಕ್ಕಾಗಿ ಹೆಚ್ಚು ದುಡಿದವರು ಅವರೇ ಆಗಿರುತ್ತಾರೆ.*

ನಿಮ್ಮ ಮನೆಯ ಮದುವೆ ವಿಡಿಯೋದಲ್ಲಿ ಬಾಗಿಲ ಹಿಂದೆ ನಿಂತವರು ಯಾರು... ಅವರನ್ನು ಮುಂದೆ ಕರೆಯಲು ಇನ್ನೂ ಹೊತ್ತಿದೆಯೇ?