ಸಗರದ ನಲವತ್ತು ಸ್ಲೈಡುಗಳು

“ಖರೇ ಹೇಳು ಭಾಗಣ್ಣ. ಈ ನಲವತ್ತೂ ಸಗರದ ಮಂದೀದೇ ರಕ್ತ ಏನು?”

ಲ್ಯಾಬಿನ ಕಲ್ಯಾಣಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದಳು. ಸ್ಲೈಡಿಗೆ ಹಚ್ಚುವ ಬಣ್ಣದಲ್ಲೇ ದೋಷವಿರಬಹುದೆಂದು ಬೆಳಿಗ್ಗೆಯಿಂದ ಎರಡು ಸಲ ಅದನ್ನು ಬದಲಿಸಿ ನೋಡಿದ್ದಳು.

“ಹೌದ್ರಿ ಅಕ್ಕಾರ. ಮನಿಮನಿಗಿ ಹೋಗಿ ತಗೊಂಡೀನ್ರಿ.”

ಕಾಲುವೆಗೆ ನೀರು ಬಿಟ್ಟ ಮೇಲೆ ಶಹಾಪುರ ಸೀಮೆಗೆ ಭತ್ತ ಬಂತು. ಭತ್ತದ ಬೆನ್ನಿಗೇ ಸೊಳ್ಳೆ, ಮಲೇರಿಯಾ. ಊರೂರು ತಿರುಗಿ, ಜನರ ಬೆರಳು ಚುಚ್ಚಿ, ಒಂದೊಂದು ಹನಿ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿ ತರುವುದು ಭಾಗಣ್ಣನ ಕೆಲಸ. ವಾರಕ್ಕೆ ನಲವತ್ತು ತರಲೇಬೇಕು. ಆರು ವರ್ಷದ ಹಂಗಾಮಿ ನೌಕರಿ. ಕಾಯಂ ಆದೇಶ ಬರುವ ತಿಂಗಳಿದು. ಒಂದು ದೂರು ಹೋದರೆ ಎಲ್ಲ ಮುಗಿಯಿತು.

“ಬೆರಳಿಗೇನಾತು?”

“ಸೈಕಲ್ ಚೈನಿಗಿ ಸಿಕ್ಕಿತ್ರಿ. ಮೂರು ದಿನ ಆತು.”

ಸುತ್ತಿದ ಬಟ್ಟೆ ಇನ್ನೂ ಹಸಿ ಕೆಂಪಾಗಿತ್ತು. ಕಲ್ಯಾಣಮ್ಮ ಅವನ ರಿಜಿಸ್ಟರ್ ಎಳೆದುಕೊಂಡಳು. ಹದಿನೆಂಟು ವರ್ಷ ಬರೀ ರಕ್ತ ನೋಡಿದ ಹೆಂಗಸು. ಅವಳೆದುರು ಸುಳ್ಳು ನಡೆಯುತ್ತದೆಯೇ?

“ಏಳನೇ ಹೆಸರು, ಗೊಲ್ಲಾಳಮ್ಮ. ಈಕೀದೂ ನೀನೇ ತಗೊಂಡಿ?”

“ಹೌದ್ರಿ.”

“ಆಕಿ ಹೋದ ಅಮಾಸಿಗೇ ಸತ್ತಾಳಲ್ಲೋ!”

ಭಾಗಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಒಳಗೆ ಬಂದಾಗಲೂ ಇರಲಿಲ್ಲ ಎನ್ನಿ. ಗೋಡೆ ಹಿಡಿದು ಬೆಂಚಿನ ಮೇಲೆ ಕುಸಿದ.

“ಎಲ್ಲಾರೂ ನಾಟಿಗಿ ಹೋಗ್ಯಾರ್ರಿ ಅಕ್ಕಾರ. ಮನಿಗೋಳಿಗೆಲ್ಲ ಕೀಲಿ. ನಡದು ನಡದು ಸಾಕಾತು, ಈಚೀಚಿಗಿ ಮೈಯಾಗ ಕಸುವೇ ಇಲ್ರಿ. ಅದಕ್ಕ... ನನ್ನ ಬೆರಳೇ ಚುಚ್ಚಿಕೊಂಡೆ. ನಲವತ್ತೂ ನಂದೇ. ಡಾಕ್ಟರಿಗಿ ಹೇಳಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ.”

“ಒಂದಾದ್ರೂ ಬ್ಯಾರೆಯವರದು ಐತೇನೋ? ನೆನಪು ಮಾಡ್ಕೋ, ಒಂದಾದ್ರೂ?” ಅವಳ ದನಿಯಲ್ಲಿ ಗದರಿಕೆ ಹೋಗಿ ಬೇಡಿಕೊಳ್ಳುವ ಧಾಟಿ ಬಂದಿತ್ತು.

“ಇಲ್ರಿ. ದೇವರಾಣಿ.”

ಕಲ್ಯಾಣಮ್ಮ ರಿಜಿಸ್ಟರ್ ಮುಚ್ಚಿದಳು. ಹಾಳಾದವನೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಕಣ್ಣು ತುಂಬಿತ್ತು.

“ದೂರು ಬರಿಯೂದಿಲ್ಲ. ನೌಕರಿಗಿ ಏನೂ ಆಗೂದಿಲ್ಲ. ಇಲ್ಲೇ ಕೂಡು, ನಿನ್ನ ಹೆಂಡ್ತೀನ್ನ ಕರಸ್ತೀನಿ.”

ಹೆಂಡತಿ ಯಾಕೆ ಎಂದು ಕೇಳುವಷ್ಟು ವ್ಯವಧಾನ ಅವನಿಗೆಲ್ಲಿ! ನೌಕರಿ ಉಳಿದಿತ್ತು. ಎರಡೂ ಕೈ ಜೋಡಿಸಿ ನಕ್ಕ; ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು.

“ಜೀವ ಉಳಿಸಿದ್ರಿ ಅಕ್ಕಾರ.”

ಒಂದು ಸ್ಲೈಡಿನಲ್ಲೂ ಮಲೇರಿಯಾ ಇರಲಿಲ್ಲ. ನಲವತ್ತರಲ್ಲೂ ಇದ್ದದ್ದು ರಕ್ತದ ಕ್ಯಾನ್ಸರ್.