ಅಂಗೈ ಕೆಳಗಿನ ಕರವಸ್ತ್ರ

ನನ್ನ ಶಾಲೆ ನನ್ನ ಭಯವನ್ನು ನಕಲು ಎಂದು ಕರೆಯಿತು; ನಿಜ ಗೊತ್ತಿದ್ದ ಒಬ್ಬರೇ ಶಿಕ್ಷಕಿ ಸುಮ್ಮನಿದ್ದರು. ಇಂದಿಗೂ ಗಂಧದ ಪೌಡರಿನ ವಾಸನೆ ಬಂದರೆ ನನ್ನ ಅಂಗೈ ಒದ್ದೆಯಾಗುತ್ತದೆ.

ಪುಲಿಕೇಶಿನಗರದಲ್ಲಿ ಆಗ ನಾನು ಆರನೇ ತರಗತಿಯಲ್ಲಿದ್ದೆ. ಪರೀಕ್ಷೆಯೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರಿ ಬರೆದ ಶಾಯಿಯೆಲ್ಲ ಹರಡುತ್ತಿತ್ತು. ಅದನ್ನು ಕಂಡ ಕನ್ನಡದ ಮಿಸ್, ಪೌಡರು ಉದುರಿಸಿದ ತಮ್ಮದೇ ಕರವಸ್ತ್ರ ಕೊಟ್ಟಿದ್ದರು. "ಕೈ ಕೆಳಗೆ ಇಟ್ಕೊಂಡು ಬರಿ ಪುಟ್ಟಾ. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ."

ಗಣಿತ ಪರೀಕ್ಷೆಯ ಮಧ್ಯಾಹ್ನ ಹೆಡ್‌ಮಿಸ್ ಆ ಕರವಸ್ತ್ರವನ್ನು ಎಳೆದು ಕೊಡವಿದರು.

"ಚೀಟಿ ಎಲ್ಲಿ?"

"ಇಲ್ಲ ಮಿಸ್."

"ತಪ್ಪು ಮಾಡಿಲ್ಲ ಅಂದ್ರೆ ಕೈ ಯಾಕಮ್ಮ ನಡುಗ್ತಿದೆ?"

ನಾನು ಬಾಗಿಲ ಬಳಿಯಿದ್ದ ಕನ್ನಡದ ಮಿಸ್ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಹಾಳೆಗಳನ್ನು ಜೋಡಿಸತೊಡಗಿದರು. ಕರವಸ್ತ್ರದ ಮೂಲೆಯಲ್ಲಿ ಅವರೇ ಕಸೂತಿ ಹಾಕಿದ್ದ ಅವರ ಹೆಸರಿನ ಮೊದಲಕ್ಷರವಿತ್ತು. ಚೀಟಿ ಸಿಗಲಿಲ್ಲ; ಆದರೂ ನನ್ನ ದಾಖಲೆಯಲ್ಲಿ ‘ನಕಲು’ ಎಂದು ಬರೆಯಲಾಯಿತು.

ಶಾಲೆಯ ಆಡಳಿತ ಮಂಡಳಿಯವರೇ, ಆ ಪದವನ್ನು ಅಳಿಸಬೇಕೆಂದೂ ನಡುಗುವ ಕೈಯನ್ನು ಗುರುತಿಸಲು ಶಿಕ್ಷಕರಿಗೆ ತರಬೇತಿ ನೀಡಬೇಕೆಂದೂ ಕೋರುತ್ತೇನೆ. ಕನ್ನಡದ ಮಿಸ್, ನೀವು ಹೇಳುತ್ತೇನೆಂದಿದ್ದ ಆ ಮಾತನ್ನು ಈಗಲಾದರೂ ಲಿಖಿತವಾಗಿ ಹೇಳಬೇಕಾಗಿ ವಿನಂತಿ.